ರೇವಾ ವಿದ್ಯುತ್ ಕಾರು ಜನರ ಅಂಗಳಕ್ಕೆ ಬಾರದ್ದೇಕೆ?

ಹೊಸ ವಾಹನ ಕೊಳ್ಳುವ ಮಾತು ಬಂದಾಗ ಈಗ ವಿದ್ಯುತ್ ಕಾರಿನ ವಿಚಾರವೂ ಏಳುತ್ತದೆ. ಇದು ನಮ್ಮ ರಾಜ್ಯಕ್ಕೆ ಹೊಸತಲ್ಲ. ಬೆಂಗಳೂರಿನ ಮೈನಿ ಸಮೂಹವು ಅಮೆರಿಕದ ಅಮೆರಿಗಾನ್ ಕಂಪೆನಿಯೊಡನೆ ಸೇರಿ ಸಿದ್ಧಪಡಿಸಿದ 'ರೇವಾ' ಕಾರು 2001ರಲ್ಲೇ ಮಾರಾಟಕ್ಕೆ ಬಂದಿತ್ತು. ಇದರ ಹಿಂದಿದ್ದವರು ಶ್ರೀ ಚೇತನ್ ಮೈನಿ. ಲಂಡನ್ನಿನಲ್ಲಿ 'ಜಿ-ವಿಜ್' ಎಂಬ ಹೆಸರಿನಿಂದ ಓಡಿದ ಈ ಕಾರು ನಮ್ಮ ಊರುಗಳ ರಸ್ತೆಯಲ್ಲಿ ಕಾಣಸಿಕ್ಕಿದ್ದು ಅಪರೂಪ. ಹಾಗೇಕಾಯಿತೆಂದು ತಿಳಿಯುವುದು ಇಂದಿನ ಖರೀದಿದಾರನಿಗೆ ಉಪಯುಕ್ತ.

ಮೊದಲನೆಯ ಕಾರಣ ಬ್ಯಾಟರಿ. ರೇವಾದಲ್ಲಿ 6 ವೋಲ್ಟಿನ 8 ಸೀಸ-ಆಮ್ಲ ಬ್ಯಾಟರಿಗಳಿದ್ದವು. ನಮ್ಮ ಮನೆಯ ಇನ್ವರ್ಟರಿನಲ್ಲಿ ಸಾಮಾನ್ಯವಾಗಿರುವುದೂ ಇದೇ ಜಾತಿ. ಪೂರ್ತಿ ಚಾರ್ಜಿಗೆ 8 ಗಂಟೆ ಬೇಕಿತ್ತು. ಒಮ್ಮೆ ಚಾರ್ಜು ಮಾಡಿದರೆ 80 ಕಿ.ಮೀ. ಓಡುತ್ತದೆಂದು ಹೇಳಲಾಗುತ್ತಿತ್ತು.

ಈ ಲೆಕ್ಕವನ್ನು ನಮ್ಮ ತಾಲೂಕುಗಳಿಗೆ ಹಿಡಿದು ನೋಡೋಣ. ಬಂಟ್ವಾಳದಿಂದ ಮಂಗಳೂರಿಗೆ ಹೋಗಿಬರಲು ಸುಮಾರು 50 ಕಿ.ಮೀ.; ತೊಂದರೆಯಿಲ್ಲ. ಮೂಡುಬಿದಿರೆಯಿಂದ ಸುಮಾರು 70. ಕಾಗದದ ಮೇಲೆ ಸಾಕು, ಆದರೆ ಏರುದಾರಿ, ಭಾರ, ಹಳತಾದ ಬ್ಯಾಟರಿ ಎಲ್ಲವೂ ಸೇರಿದರೆ ಕೊನೆಯ ಕಿಲೋಮೀಟರುಗಳಲ್ಲಿ ಎದೆ ಡವಡವ. ಬೆಳ್ತಂಗಡಿಯಿಂದ ಸುಮಾರು 120. ಮಂಗಳೂರಿನಲ್ಲೇ ಗಂಟೆಗಟ್ಟಲೆ ಚಾರ್ಜಿಗೆ ನಿಲ್ಲಿಸದೆ ಹಿಂತಿರುಗುವಂತಿಲ್ಲ. ಅಂದು ಅದಕ್ಕೆ ದಾರಿಯಲ್ಲೆಲ್ಲೂ ವ್ಯವಸ್ಥೆಯಿರಲಿಲ್ಲ.

ಎರಡನೆಯದು ಸ್ಥಳಾವಕಾಶ. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು ಕೂರುವ ಎರಡು ಬಾಗಿಲಿನ ಗಾಡಿಯಿದು. ಮನೆಮಂದಿಯೊಂದಿಗೆ ಮದುವೆಗೆ ಹೋಗಬೇಕು, ಗೊಬ್ಬರದ ಚೀಲ ತರಬೇಕು, ಒಂದೆರಡು ಮೂಟೆ ಅಡಿಕೆ ಒಯ್ಯಬೇಕು ಎನ್ನುವವನಿಗೆ ಇದು ಎರಡನೆಯ ಕಾರಾಗಬಹುದೇ ಹೊರತು ಇರುವ ಒಂದೇ ಕಾರಾಗಲಾರದು. ಹೆಚ್ಚುಕಡಿಮೆ ಅದೇ ಹಣಕ್ಕೆ ಮಾರುತಿ 800 ಸಿಗುತ್ತಿತ್ತು. ಅದನ್ನು ರಿಪೇರಿ ಮಾಡಬಲ್ಲ ಮೆಕ್ಯಾನಿಕ್ ಪ್ರತಿ ಪೇಟೆಯಲ್ಲೂ ಇದ್ದ.

ಮೂರನೆಯದು ಮರೆಯ ಖರ್ಚು. ಪೂರ್ತಿ ಚಾರ್ಜಿಗೆ ಬೇಕಾದದ್ದು ಸುಮಾರು 10 ಯೂನಿಟ್ ಮಾತ್ರ. ದಿನದ ಖರ್ಚು ಬಲು ಕಡಿಮೆ. ಆದರೆ ಸೀಸದ ಬ್ಯಾಟರಿಗಳು ಕೆಲವು ವರ್ಷಗಳಲ್ಲಿ ಸವೆದು, ಇಡೀ ಗುಂಪನ್ನೇ ಬದಲಿಸಬೇಕಾಗುತ್ತಿತ್ತು. ಪೆಟ್ರೋಲಿನಲ್ಲಿ ಉಳಿಸಿದ ಹಣ ಅಲ್ಲಿ ಒಮ್ಮೆಲೇ ಕೈಬಿಡುತ್ತಿತ್ತು.

ಸರಕಾರದ ನೆರವೂ ಸ್ಥಿರವಾಗಿರಲಿಲ್ಲ. 2010ರ ಕೊನೆಯಲ್ಲಿ ಕೇಂದ್ರವು ಕೊಟ್ಟ ಸಹಾಯಧನ 2012ರ ಮಾರ್ಚಿಗೆ ನಿಂತಿತು. 2010ರಲ್ಲಿ ರೇವಾವನ್ನು ವಹಿಸಿಕೊಂಡ ಮಹೀಂದ್ರ ಸಂಸ್ಥೆಯು ಲಿಥಿಯಂ ಬ್ಯಾಟರಿಯ 'ಇ2ಒ' ಕಾರನ್ನು 2013ರ ಮಾರ್ಚಿನಲ್ಲಿ ಹೊರತಂದಾಗ ಆ ನೆರವು ಇರಲಿಲ್ಲ. 'ಫೇಮ್' ಯೋಜನೆ ಬಂದದ್ದು 2015ರಲ್ಲಿ.

ಅಮೆರಿಕದಲ್ಲೂ ಇದೇ ಕಥೆ. 1900ರ ಸುಮಾರಿಗೆ ಅಲ್ಲಿ ವಿದ್ಯುತ್ ಕಾರುಗಳು ಸಾಕಷ್ಟಿದ್ದವು. 1908ರಲ್ಲಿ ಫೋರ್ಡರ ಅಗ್ಗದ ಮಾಡೆಲ್ ಟಿ, 1912ರಲ್ಲಿ ಹ್ಯಾಂಡಲ್ ತಿರುಗಿಸುವ ಕಷ್ಟ ತಪ್ಪಿಸಿದ ಸೆಲ್ಫ್ ಸ್ಟಾರ್ಟರ್ ಬಂದ ಮೇಲೆ ಅವು ಹಿಂದೆ ಬಿದ್ದವು.

ಹಾಗೆಂದು ರೇವಾ ವ್ಯರ್ಥವಾಯಿತೆನ್ನುವಂತಿಲ್ಲ. ನೆರಳು, ನೀರು ಒದಗುವ ಮೊದಲೇ ನೆಟ್ಟ ಅಡಿಕೆ ಸಸಿ ಸೊರಗಿದರೆ ತಪ್ಪು ಸಸಿಯದಲ್ಲ. ಇಂದು ಲಿಥಿಯಂ ಬ್ಯಾಟರಿಯಿಂದ ಓಟದ ದೂರ ಹೆಚ್ಚಿದೆ, ಹೆದ್ದಾರಿಗಳಲ್ಲಿ ಚಾರ್ಜಿಂಗ್ ಕೇಂದ್ರಗಳೂ ಬಂದಿವೆ.

ಆದರೂ ಮುಂಗಡ ಕೊಡುವ ಮುನ್ನ ಸದಸ್ಯರು ನಾಲ್ಕು ಪ್ರಶ್ನೆ ಕೇಳಿಕೊಳ್ಳುವುದೊಳಿತು: ನನ್ನ ಅತಿ ದೂರದ ಮಾಮೂಲಿ ಪ್ರಯಾಣ ಎಷ್ಟು? ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಹೋದರೆ ಏನು ಗತಿ? ಬ್ಯಾಟರಿಗೆ ಎಷ್ಟು ವರ್ಷದ ಗ್ಯಾರಂಟಿ ಬರಹದಲ್ಲಿದೆ? ಕೆಟ್ಟರೆ ನೋಡುವವರು ಎಷ್ಟು ಹತ್ತಿರದಲ್ಲಿದ್ದಾರೆ? ಈ ನಾಲ್ಕಕ್ಕೂ ಸಮಾಧಾನದ ಉತ್ತರ ಸಿಕ್ಕಿದರೆ ಧೈರ್ಯವಾಗಿ ಕೊಳ್ಳಬಹುದು. ಸಿಗದಿದ್ದರೆ ಇನ್ನೊಂದು ಕೊಯ್ಲು ಕಾಯುವುದರಲ್ಲಿ ನಷ್ಟವೇನಿಲ್ಲ.