ಒಂದು ಗಣಕ, ಎರಡು ವ್ಯವಸ್ಥೆ

ಗಣಕಯಂತ್ರವನ್ನು ಕೊಂಡು ತಂದು ವಿದ್ಯುತ್ತನ್ನು ಹಾಯಿಸಿದ ಮಾತ್ರಕ್ಕೆ ಅದು ಕೆಲಸಕ್ಕೆ ತೊಡಗದು. ಕೀಲಿಮಣೆಯಲ್ಲಿ ಒತ್ತಿದ ಅಕ್ಷರವನ್ನು ತೆರೆಯ ಮೇಲೆ ಮೂಡಿಸಲು, ಬರೆದ ಕಡತವನ್ನು ಡಿಸ್ಕಿನಲ್ಲಿ ಜೋಪಾನವಾಗಿರಿಸಲು, ಹಲವು ಕೆಲಸಗಳಿಗೆ ಸ್ಮೃತಿಯನ್ನು ಹಂಚಿಕೊಡಲು ಒಂದು ಮೂಲ ತಂತ್ರಾಂಶ ಬೇಕಾಗುತ್ತದೆ. ಇದಕ್ಕೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. 1985ರಲ್ಲಿ ಮೊದಲು ಹೊರಬಂದ ವಿಂಡೋಸ್ ಮತ್ತು 1991ರಲ್ಲಿ ಹುಟ್ಟಿದ ಲಿನಕ್ಸ್ ಇಂಥ ವ್ಯವಸ್ಥೆಗಳ ಪೈಕಿ ಹೆಸರಾದವು.

ಇವುಗಳಲ್ಲಿ ಒಂದು ಸಾಲದೆ, ಎರಡನ್ನೂ ಒಂದೇ ಯಂತ್ರದಲ್ಲಿ ಇರಿಸಿಕೊಳ್ಳಬೇಕೆಂದು ಬಯಸುವವರು ಅನೇಕರು. ಒಂದು ವ್ಯವಸ್ಥೆಗಾಗಿ ರಚಿಸಿದ ತಂತ್ರಾಂಶವು ಇನ್ನೊಂದರಲ್ಲಿ ಸಾಮಾನ್ಯವಾಗಿ ನಡೆಯದಿರುವುದೇ ಇದಕ್ಕೆ ಕಾರಣ. ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ' ತಂತ್ರಾಂಶವು ಮೊದಲಿಗೆ ವಿಂಡೋಸಿಗಾಗಿಯೇ ಸಿದ್ಧವಾದುದು. ನುಡಿಯಲ್ಲಿ ಹಲವು ವರ್ಷಗಳ ಬರವಣಿಗೆಯನ್ನು ಕೂಡಿಟ್ಟವರು ಲಿನಕ್ಸಿಗೆ ಮನಸೋತರೂ ವಿಂಡೋಸನ್ನು ಥಟ್ಟನೆ ಬಿಡಲಾರರು. ಲಿನಕ್ಸಾದರೋ ಯಾರು ಬೇಕಾದರೂ ಹಣ ತೆರದೆ ಪಡೆಯಬಹುದಾದ, ಒಳಗಿನ ರಚನೆಯನ್ನು ಓದಿ ತಿದ್ದಬಹುದಾದ ವ್ಯವಸ್ಥೆ. ಕಲಿಯುವ ಹಂಬಲವುಳ್ಳವರಿಗೆ ಅದರ ಸೆಳೆತ ಸಹಜವಾದುದು.

ಎರಡೂ ವ್ಯವಸ್ಥೆಗಳು ಏಕಕಾಲದಲ್ಲಿ ಯಂತ್ರವನ್ನು ಆಳುವುದಿಲ್ಲವೆಂಬುದನ್ನು ಇಲ್ಲಿ ನೆನಪಿನಲ್ಲಿಡಬೇಕು. ಗಣಕವನ್ನು ಚಾಲೂ ಮಾಡಿದಾಗ ಎರಡರಲ್ಲಿ ಒಂದನ್ನು ಆರಿಸಬೇಕು. ಇನ್ನೊಂದು ಡಿಸ್ಕಿನಲ್ಲಿ ನಿದ್ರಿಸುತ್ತಿರುತ್ತದೆ.

ಡಿಸ್ಕನ್ನು ಒಂದು ಹೊಲಕ್ಕೆ ಹೋಲಿಸಬಹುದು. ಅಣ್ಣತಮ್ಮಂದಿರು ಹೊಲವನ್ನು ಹಿಸ್ಸೆ ಮಾಡಿಕೊಂಡು ನಡುವೆ ಬದು ಹಾಕುವಂತೆ, ಡಿಸ್ಕನ್ನೂ ಭಾಗಗಳಾಗಿ ವಿಂಗಡಿಸಿ ಒಂದೊಂದು ವ್ಯವಸ್ಥೆಗೆ ಒಂದೊಂದು ಭಾಗವನ್ನು ಬಿಟ್ಟುಕೊಡಲಾಗುತ್ತದೆ. ಯಾವ ಭಾಗ ಎಲ್ಲಿಂದ ಎಲ್ಲಿಯವರೆಗೆ ಎಂಬ ವಿವರ ಡಿಸ್ಕಿನ ಆರಂಭದಲ್ಲಿರುವ ಒಂದು ಪಟ್ಟಿಯಲ್ಲಿ ದಾಖಲಾಗಿರುತ್ತದೆ. 1983ರಲ್ಲಿ ಬಳಕೆಗೆ ಬಂದ ಹಳೆಯ ಪದ್ಧತಿಯಲ್ಲಿ ಇದಕ್ಕೆ ದೊರೆತ ಜಾಗ ಅತ್ಯಲ್ಪ. ಡಿಸ್ಕಿನ ಮೊದಲ 512 ಬೈಟುಗಳಲ್ಲಿ 446 ಬೈಟುಗಳು ಯಂತ್ರವನ್ನು ಎಬ್ಬಿಸುವ ಪುಟ್ಟ ಆಜ್ಞಾವಳಿಗೆ, 64 ಬೈಟುಗಳು ಪಟ್ಟಿಗೆ, ಉಳಿದ 2 ಬೈಟುಗಳು ಗುರುತಿನ ಮುದ್ರೆಗೆ ಮೀಸಲು. ಪಟ್ಟಿಯಲ್ಲಿ ನಾಲ್ಕೇ ನಮೂದುಗಳಿಗೆ ಎಡೆಯಿತ್ತು. ಈಚಿನ ಜಿಪಿಟಿ ಎಂಬ ಪದ್ಧತಿಯಲ್ಲಿ ಸಾಮಾನ್ಯವಾಗಿ 128 ನಮೂದುಗಳಿಗೆ ಅವಕಾಶವಿದೆ.

ಬದು ತಪ್ಪಿದರೆ ಬೆಳೆಗೆ ಹಾನಿ. ಲಿನಕ್ಸಿನ ಜನ್ಮವೃತ್ತಾಂತದಲ್ಲಿಯೇ ಇಂಥ ಒಂದು ಪ್ರಸಂಗವುಂಟು. ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ತಮ್ಮ ಗಣಕದಲ್ಲಿ ಮಿನಿಕ್ಸ್ ಎಂಬ ವ್ಯವಸ್ಥೆಯನ್ನು ಇರಿಸಿಕೊಂಡು, ಅದರ ನೆರವಿನಿಂದಲೇ ತಮ್ಮ ಹೊಸ ವ್ಯವಸ್ಥೆಯನ್ನು ಬರೆಯುತ್ತಿದ್ದರು. ಒಮ್ಮೆ ದೂರವಾಣಿಯ ಮೂಲಕ ವಿಶ್ವವಿದ್ಯಾಲಯದ ಗಣಕವನ್ನು ಸಂಪರ್ಕಿಸಲು ಹೊರಟವರು, ಮೋಡೆಮ್ಮಿಗೆ ಕಳುಹಿಸಬೇಕಾಗಿದ್ದ ಆಜ್ಞೆಗಳನ್ನು ಕೈತಪ್ಪಿ ಡಿಸ್ಕಿಗೇ ಕಳುಹಿಸಿಬಿಟ್ಟರು. ಮಿನಿಕ್ಸ್ ಇದ್ದ ಭಾಗ ಕೆಟ್ಟುಹೋಯಿತು. ಅದನ್ನು ಪುನಃ ಸ್ಥಾಪಿಸುವ ಬದಲು, ತಮ್ಮ ವ್ಯವಸ್ಥೆಯೇ ಸ್ವತಂತ್ರವಾಗಿ ನಿಲ್ಲುವಂತೆ ಮಾಡಲು ಅವರು ನಿಶ್ಚಯಿಸಿದರು. ಎಲ್ಲರ ಕೈತಪ್ಪೂ ಹೀಗೆ ಫಲಿಸುವುದಿಲ್ಲ. ಒಂದು ಮನೆತನದ ಭಾವಚಿತ್ರಗಳೋ ಅಂಗಡಿಯ ವರ್ಷಾಂತರದ ಲೆಕ್ಕಪತ್ರಗಳೋ ಅಳಿದುಹೋದರೆ ಅವನ್ನು ಮತ್ತೆ ಬರೆದುಕೊಡುವವರು ಯಾರೂ ಇರುವುದಿಲ್ಲ. ಆದುದರಿಂದ ಡಿಸ್ಕಿನ ಗಡಿಗಳನ್ನು ಮುಟ್ಟುವುದಕ್ಕೆ ಮೊದಲು ಮುಖ್ಯ ಕಡತಗಳ ಪ್ರತಿಯನ್ನು ಬೇರೊಂದು ಡಿಸ್ಕಿಗೆ ಇಳಿಸಿ, ಆ ಪ್ರತಿ ತೆರೆಯುತ್ತದೆಯೇ ಎಂದು ನೋಡಿಕೊಳ್ಳತಕ್ಕದ್ದು. ಮಿಕ್ಕ ಹಂತಗಳೆಲ್ಲ ಇದರ ಅನಂತರದವು. ಡಿಸ್ಕು ಗೂಢಲಿಪಿಯಲ್ಲಿ ಬೀಗ ಹಾಕಲ್ಪಟ್ಟಿದ್ದರೆ ಅದರ ಪುನಃಪ್ರಾಪ್ತಿ ಸಂಖ್ಯೆಯನ್ನೂ ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು.

ವಿಂಡೋಸ್ ಮೊದಲೇ ಇರುವ ಗಣಕದಲ್ಲಿ ಆ ಭಾಗವನ್ನು ಕುಗ್ಗಿಸಿ ತೆರವು ಮಾಡಿಕೊಳ್ಳಬೇಕಾಗುತ್ತದೆ. ಕುಗ್ಗಿಸುವ ಉಪಕರಣ ವಿಂಡೋಸಿನಲ್ಲಿಯೇ ಇದೆ. ತನ್ನ ಕಡತಗಳು ಎಲ್ಲಿ ಹರಡಿಕೊಂಡಿವೆಯೆಂಬುದು ಅದಕ್ಕೇ ಚೆನ್ನಾಗಿ ತಿಳಿದಿರುವುದರಿಂದ ಈ ಕೆಲಸವನ್ನು ಅದಕ್ಕೆ ಬಿಡುವುದು ಲೇಸು. ಲಿನಕ್ಸಿನ ಒಂದು ಪ್ರಸಿದ್ಧ ರೂಪವಾದ ಉಬುಂಟುವಿಗೆ 25 ಗಿಗಾಬೈಟುಗಳಷ್ಟಾದರೂ ಜಾಗವಿರುವುದು ಒಳ್ಳೆಯದು. ಬಳಿಕ ಉಬುಂಟುವನ್ನು ಒಂದು ಪೆನ್‌ಡ್ರೈವಿಗೆ ಇಳಿಸಿ, ಅದರಿಂದಲೇ ಗಣಕವನ್ನು ಎಬ್ಬಿಸಿ, ಸ್ಥಾಪಿಸುವುದಕ್ಕೆ ಮುಂಚೆ ಕೆಲಹೊತ್ತು ಬಳಸಿ ನೋಡಬಹುದು. ಸ್ಥಾಪನೆಯ ವೇಳೆ ತೆರವಾದ ಜಾಗವನ್ನೇ ತೋರಿಸಬೇಕು. ಇಡೀ ಡಿಸ್ಕನ್ನು ಅಳಿಸುವ ಆಯ್ಕೆಯೂ ಅದೇ ತೆರೆಯ ಮೇಲೆ, ಅದೇ ಸೌಮ್ಯ ಬಣ್ಣದಲ್ಲಿ ಇರುತ್ತದೆ!

ಇನ್ನು ಯಂತ್ರ ಏಳುವ ಬಗೆ. ವಿದ್ಯುತ್ ಹರಿದೊಡನೆ ಯಂತ್ರದಲ್ಲಿಯೇ ಅಚ್ಚಾಗಿರುವ ತಂತ್ರಾಂಶವು ಎಚ್ಚೆತ್ತು, ಡಿಸ್ಕಿನಲ್ಲಿರುವ ಎಬ್ಬಿಸುವ ಆಜ್ಞಾವಳಿಯನ್ನು ಕರೆಯುತ್ತದೆ. ಲಿನಕ್ಸಿನೊಂದಿಗೆ ಬರುವ 'ಗ್ರಬ್' ಎಂಬ ಆಜ್ಞಾವಳಿಯು ದ್ವಾರಪಾಲಕನಂತೆ ನಿಂತು, ಯಾವ ವ್ಯವಸ್ಥೆ ಬೇಕೆಂದು ಕೇಳುತ್ತದೆ. ಉತ್ತರ ಬಾರದಿದ್ದರೆ ಕೆಲವು ಕ್ಷಣ ಕಾದು ಮೊದಲನೆಯದನ್ನೇ ಎಬ್ಬಿಸುತ್ತದೆ. ವಿಂಡೋಸಿನ ದ್ವಾರಪಾಲಕನಿಗೆ ಇಷ್ಟು ಸೌಜನ್ಯವಿಲ್ಲ. ಹಳೆಯ ಪದ್ಧತಿಯ ಡಿಸ್ಕುಗಳಲ್ಲಿ ಅದು ಮೊದಲ 446 ಬೈಟುಗಳ ಮೇಲೆ ತನ್ನ ಆಜ್ಞೆಗಳನ್ನೇ ಬರೆದುಬಿಡುತ್ತಿತ್ತು. ಲಿನಕ್ಸ್ ಡಿಸ್ಕಿನಲ್ಲಿ ಸುರಕ್ಷಿತವಾಗಿದ್ದರೂ ಅದಕ್ಕೆ ಹೋಗುವ ದಾರಿ ಅಳಿಸಿಹೋಗುತ್ತಿತ್ತು. ವಿಂಡೋಸನ್ನು ಮೊದಲು, ಲಿನಕ್ಸನ್ನು ಆಮೇಲೆ ಸ್ಥಾಪಿಸಬೇಕೆಂಬ ರೂಢಿ ಹುಟ್ಟಿದ್ದು ಹೀಗೆ. ಹೊಸ ಯಂತ್ರಗಳಲ್ಲಿ ಎರಡಕ್ಕೂ ಬೇರೆ ಬೇರೆ ಕೋಶಗಳಿರುವುದರಿಂದ ಅಪಾಯ ಕಡಿಮೆಯಾಗಿದೆಯಾದರೂ ರೂಢಿ ಉಳಿದುಕೊಂಡಿದೆ.

2012ರಲ್ಲಿ ಬಂದ ವಿಂಡೋಸ್ 8ರಿಂದೀಚೆಗೆ ಮತ್ತೊಂದು ತೊಡಕು ಸೇರಿದೆ. ಬೇಗನೆ ಏಳುವ ಸಲುವಾಗಿ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳದೆ, ತನ್ನ ಸ್ಥಿತಿಯ ಒಂದಂಶವನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ಆ ನಡುವೆ ಲಿನಕ್ಸ್ ಬಂದು ಅದರ ಭಾಗದಲ್ಲಿ ಏನನ್ನಾದರೂ ಬದಲಿಸಿದರೆ, ಎದ್ದ ವಿಂಡೋಸಿನ ನೆನಪಿಗೂ ಡಿಸ್ಕಿನ ವಾಸ್ತವಕ್ಕೂ ಮೇಳವಾಗದೆ ಕಡತಗಳು ಕೆಡಬಹುದು. ಈ ಸೌಲಭ್ಯವನ್ನು ನಿಲ್ಲಿಸಿಡುವುದು ಕ್ಷೇಮ.

ಎಲ್ಲವೂ ಸರಿಯಾಗಿ ನಡೆದ ಮೇಲೂ ಒಂದು ವಿಚಿತ್ರ ಎದುರಾಗುವುದುಂಟು. ಲಿನಕ್ಸನ್ನು ಬಳಸಿ ವಿಂಡೋಸಿಗೆ ಮರಳಿದರೆ ಗಡಿಯಾರ ಐದೂವರೆ ಗಂಟೆ ಹಿಂದೆ ಸರಿದಿರುತ್ತದೆ. ಯಂತ್ರದೊಳಗೆ ಸಣ್ಣ ಬ್ಯಾಟರಿಯಿಂದ ನಡೆಯುವ ಗಡಿಯಾರ ಒಂದೇ. ಅದನ್ನು ಓದುವವರು ಇಬ್ಬರು. ವಿಂಡೋಸ್ ಅದನ್ನು ಸ್ಥಳೀಯ ಕಾಲವೆಂದು ಬಗೆಯುತ್ತದೆ. ಲಿನಕ್ಸ್ ಸಾಮಾನ್ಯವಾಗಿ ಅದರಲ್ಲಿ ವಿಶ್ವಕಾಲವನ್ನು ಇರಿಸಿ, ಭಾರತದ ಕಾಲಕ್ಕಾಗಿ ಐದೂವರೆ ಗಂಟೆಯನ್ನು ತಾನೇ ಕೂಡಿಕೊಳ್ಳುತ್ತದೆ. ಬೆಂಗಳೂರಿನಲ್ಲಿ ಬೆಳಗಿನ ಒಂಬತ್ತೂವರೆಯಾದಾಗ ಲಿನಕ್ಸ್ ಒಳಗಿನ ಗಡಿಯಾರದಲ್ಲಿ ನಾಲ್ಕು ಗಂಟೆಯೆಂದು ಬರೆಯುತ್ತದೆ. ವಿಂಡೋಸ್ ಅದನ್ನು ಕಂಡು ಇನ್ನೂ ಬೆಳಗಿನ ಜಾವವೆಂದು ನಂಬುತ್ತದೆ. ಎರಡರಲ್ಲಿ ಒಂದಕ್ಕೆ ಇನ್ನೊಂದರ ಪದ್ಧತಿಯನ್ನು ಕಲಿಸಿದರೆ ವ್ಯಾಜ್ಯ ತೀರುತ್ತದೆ. ಲಿನಕ್ಸಿನಲ್ಲಿ ಇದು ಒಂದೇ ಸಾಲಿನ ಆಜ್ಞೆಯಿಂದ ಆಗುವ ಕೆಲಸ.