ಹಲ್ಲಿನ ಬಣ್ಣದ ತುಂಬುವಿಕೆ: ಮಕ್ಕಳ ಮತ್ತು ಹಿರಿಯರ ದಂತರಕ್ಷಣೆ

‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬ ಗಾದೆ ನಮ್ಮ ಮನೆಮನೆಗಳಲ್ಲಿ ಕೇಳಿಬರುವಂಥದು. ಮುತ್ತಿಗೆ ಹೋಲಿಸಲ್ಪಡುವ ಹಲ್ಲಿಗೂ ಈ ಮಾತು ಅಕ್ಷರಶಃ ಸಲ್ಲುತ್ತದೆ. ಚರ್ಮ ಕೊಯ್ದರೆ ಕೂಡಿಕೊಳ್ಳುತ್ತದೆ. ಎಲುಬು ಮುರಿದರೆ ಬೆಸೆದುಕೊಳ್ಳುತ್ತದೆ. ಆದರೆ ಹಲ್ಲಿನ ಹೊರಕವಚವಾದ ಎನಾಮಲ್ ಒಮ್ಮೆ ಕುಳಿಬಿದ್ದರೆ ಶರೀರವು ಅದನ್ನು ಮತ್ತೆ ಕಟ್ಟಿಕೊಡಲಾರದು. ಏಕೆಂದರೆ ಆ ಕವಚವನ್ನು ನಿರ್ಮಿಸಿದ ಜೀವಕೋಶಗಳು ಹಲ್ಲು ಬಾಯಲ್ಲಿ ಮೂಡುವ ವೇಳೆಗೇ ಇಲ್ಲವಾಗಿರುತ್ತವೆ. ಆದ್ದರಿಂದಲೇ, ಕಳೆದುಹೋದ ಭಾಗವನ್ನು ಹೊರಗಿನ ವಸ್ತುವಿನಿಂದ ತುಂಬಿ, ಉಳಿದ ಹಲ್ಲನ್ನು ಕಾಪಾಡುವ ವಿದ್ಯೆ ಮನುಷ್ಯನಿಗೆ ಅನಿವಾರ್ಯವಾಯಿತು.

ಈಗ ಪಟ್ಟಣಗಳ ದಂತವೈದ್ಯರಷ್ಟೇ ಅಲ್ಲ, ತಾಲ್ಲೂಕು ಕೇಂದ್ರಗಳ ವೈದ್ಯರೂ ಹಲ್ಲಿನದೇ ಬಣ್ಣದ ವಸ್ತುವನ್ನು ತುಂಬುತ್ತಾರೆ. ಇದನ್ನು ಕೇವಲ ಅಂದಕ್ಕಾಗಿ ಮಾಡಿಸುವ ಶೋಕಿ ಎಂದು ತಿಳಿದವರುಂಟು. ಬಿಳಿಯದೆಂದ ಮಾತ್ರಕ್ಕೆ ಎಲ್ಲಕ್ಕಿಂತ ಮೇಲೆಂದು ನಂಬಿದವರೂ ಉಂಟು. ಎರಡೂ ಪೂರ್ಣ ಸತ್ಯವಲ್ಲ. ಇದರ ಗುಣವೇನು, ಮಿತಿಯೇನು ಎಂಬುದನ್ನು ಗೃಹಸ್ಥರು ತಿಳಿದಿದ್ದರೆ ಎಷ್ಟೋ ಮಕ್ಕಳ ಹಲ್ಲುಗಳು ಕೀಳಿಸಿಕೊಳ್ಳುವುದರಿಂದ ಪಾರಾದಾವು.

ಹುಳುಕಿನಲ್ಲಿ ಹುಳುವಿಲ್ಲ

‘ಹುಳುಕು ಹಲ್ಲು’ ಎಂಬ ನಮ್ಮ ಮಾತಿನಲ್ಲಿಯೇ ಹುಳು ಸೇರಿಕೊಂಡಿದೆ. ಹಲ್ಲಿಗೆ ಹೊಗೆ ಹಿಡಿಸಿ ಹುಳು ಉದುರಿಸಿದೆವೆಂದು ತೋರಿಸುವವರು ಸಂತೆ ಜಾತ್ರೆಗಳಲ್ಲಿ ಇಂದಿಗೂ ಇಲ್ಲದಿಲ್ಲ. ವಾಸ್ತವವಾಗಿ ಅಲ್ಲಿ ಹುಳುವಿರುವುದಿಲ್ಲ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಹಲ್ಲಿನ ಮೇಲೆ ಲೋಳೆಯಂತಹ ಪದರವಾಗಿ ಅಂಟಿಕೊಂಡಿರುತ್ತವೆ. ನಾವು ತಿಂದ ಸಕ್ಕರೆ, ಬೆಲ್ಲ, ಹಿಟ್ಟಿನ ಅಂಶಗಳನ್ನು ಅವು ಆಮ್ಲವಾಗಿ ಪರಿವರ್ತಿಸುತ್ತವೆ. ಆ ಆಮ್ಲವು ಎನಾಮಲಿನ ಸುಣ್ಣಾಂಶವನ್ನು ಕರಗಿಸುತ್ತದೆ. ಜೊಲ್ಲು ಅದನ್ನು ಮತ್ತೆ ತುಂಬಲು ಯತ್ನಿಸುತ್ತದೆ. ಮೂರು ಹೊತ್ತಿನ ಊಟದ ನಡುವೆ ಬಿಡುವು ದೊರೆತರೆ ಜೊಲ್ಲು ಗೆಲ್ಲುತ್ತದೆ. ಗಳಿಗೆಗೊಮ್ಮೆ ಪೆಪ್ಪರಮೆಂಟು, ಬಿಸ್ಕತ್ತು, ಸಕ್ಕರೆ ಚಹಾ ಬಾಯಿ ಸೇರುತ್ತಿದ್ದರೆ ಆಮ್ಲ ಗೆಲ್ಲುತ್ತದೆ. ತಿಂದ ಸಿಹಿಯ ಪ್ರಮಾಣದಷ್ಟೇ ಎಷ್ಟು ಸಲ ತಿಂದೆವೆಂಬುದೂ ಮುಖ್ಯವಾಗುವುದು ಈ ಕಾರಣದಿಂದ.

ಮೊದಲು ಕಾಣುವುದು ಸುಣ್ಣದಂತಹ ಬಿಳಿ ಮಚ್ಚೆ. ಆ ಹಂತದಲ್ಲಿ ಫ್ಲೋರೈಡ್ ಲೇಪನ ಮತ್ತು ಸ್ವಚ್ಛತೆಗಳಿಂದ ಅದನ್ನು ತಡೆಯಬಹುದು. ಅದು ಕುಳಿಯಾದ ಮೇಲೆ ತುಂಬಿಸಬೇಕಾಗುತ್ತದೆ. ಕುಳಿಯು ಒಳಗಿನ ತಿರುಳನ್ನು ಮುಟ್ಟಿ ಅದಕ್ಕೆ ಸೋಂಕು ತಗುಲಿದರೆ ಬೇರುನಾಳ ಚಿಕಿತ್ಸೆ, ಇಲ್ಲವೇ ಹಲ್ಲು ಕೀಳಿಸುವುದು. ನೋವು ಸಾಮಾನ್ಯವಾಗಿ ಕೊನೆಯ ಹಂತಗಳಲ್ಲಿ ಬರುತ್ತದೆ. ‘ನೋವಿಲ್ಲವಲ್ಲ, ನೋಡೋಣ’ ಎಂದು ಕಾಯುವವರು ಅಗ್ಗದ ಚಿಕಿತ್ಸೆಯ ಕಾಲವನ್ನು ಕಳೆದುಕೊಂಡು ದುಬಾರಿ ಚಿಕಿತ್ಸೆಯ ಕಾಲಕ್ಕೆ ಕಾದು ಕುಳಿತಂತೆಯೇ ಸರಿ.

ಬೆಳ್ಳಿಯ ಮಿಶ್ರಣದಿಂದ ಬಿಳಿಯ ವಸ್ತುವಿಗೆ

ನಮ್ಮ ಹಿರಿಯರು ತುಂಬಿಸಿಕೊಂಡ ಬೂದುಬಣ್ಣದ ಸಿಮೆಂಟು ಪಾದರಸದೊಡನೆ ಬೆಳ್ಳಿ, ತವರ, ತಾಮ್ರಗಳನ್ನು ಬೆರೆಸಿದ ಅಮಾಲ್ಗಮ್. ಅದರ ತೂಕದ ಸುಮಾರು ಅರ್ಧದಷ್ಟು ಪಾದರಸವೇ ಇರುತ್ತದೆ. ಅದು ಗಟ್ಟಿ, ಅಗ್ಗ, ದೀರ್ಘಕಾಲ ಬಾಳುವಂಥದು. ಆದರೆ ಅದು ತಾನಾಗಿ ಹಲ್ಲಿಗೆ ಅಂಟುವುದಿಲ್ಲ. ಅದು ಕಳಚದಿರಲೆಂದು ಕುಳಿಯನ್ನು ಗಡಿಗೆಯಂತೆ ಬಾಯಿ ಕಿರಿದಾಗಿ, ಹೊಟ್ಟೆ ಅಗಲವಾಗಿ ಕೊರೆಯಬೇಕಾಗುತ್ತಿತ್ತು. ಹಾಗೆ ಕೊರೆಯುವಾಗ ಆರೋಗ್ಯವಂತ ಭಾಗವೂ ಬಲಿಯಾಗುತ್ತಿತ್ತು.

ಈ ಕಟ್ಟನ್ನು ಸಡಿಲಿಸಿದವರು ಅಮೆರಿಕದ ಮೈಕೇಲ್ ಬ್ಯೂನೋಕೋರ್. ಲೋಹಕ್ಕೆ ಬಣ್ಣ ಹಿಡಿಯಲೆಂದು ಕಾರ್ಖಾನೆಗಳಲ್ಲಿ ಆಮ್ಲ ಸವರುವುದನ್ನು ಅರಿತಿದ್ದ ಅವರು, ಫಾಸ್ಫಾರಿಕ್ ಆಮ್ಲವನ್ನು ಸವರಿದ ಎನಾಮಲಿಗೆ ರಾಳವು ಬಿಗಿಯಾಗಿ ಹಿಡಿಯುವುದೆಂದು 1955ರಲ್ಲಿ ಪ್ರಕಟಿಸಿದರು. ಸಿಮೆಂಟು ಹಿಡಿಯಲೆಂದು ಗೌಂಡಿಯು ನುಣುಪು ಗೋಡೆಗೆ ಕಚ್ಚು ಹಾಕುವಂತೆಯೇ ಇದು. ಅದೇ ದೇಶದ ರಾಫೆಲ್ ಬೋವೆನ್ 1962ರಲ್ಲಿ ಪೇಟೆಂಟ್ ಪಡೆದ ರಾಳವು ಇಂದಿನ ಕಾಂಪೋಸಿಟ್ ವಸ್ತುವಿಗೆ ಬುನಾದಿಯಾಯಿತು. ಆ ರಾಳದಲ್ಲಿ ಗಾಜಿನ ಅತಿ ಸೂಕ್ಷ್ಮ ಕಣಗಳನ್ನು ಬೆರೆಸಿದಾಗ ಬಣ್ಣ, ಹೊಳಪು, ಗಟ್ಟಿತನಗಳು ಹಲ್ಲಿಗೆ ಸಮೀಪವಾಗುತ್ತವೆ.

ಎರಡನೆಯದು ಗ್ಲಾಸ್ ಅಯೋನೊಮರ್. ಇದನ್ನು ಲಂಡನ್ನಿನಲ್ಲಿ ಆಲನ್ ವಿಲ್ಸನ್ ಮತ್ತು ಬ್ರಯನ್ ಕೆಂಟ್ ರೂಪಿಸಿ 1972ರ ಸುಮಾರಿಗೆ ಲೋಕಕ್ಕೆ ತಿಳಿಸಿದರು. ಇದು ಗಾಜಿನ ಪುಡಿ ಮತ್ತು ಸಾವಯವ ಆಮ್ಲದ ದ್ರವ ಕೂಡಿ ಗಟ್ಟಿಯಾಗುವ ಸಿಮೆಂಟು. ಹಲ್ಲಿಗೆ ರಾಸಾಯನಿಕವಾಗಿ ತಾನೇ ಅಂಟಿಕೊಳ್ಳುವುದು ಮತ್ತು ಸ್ವಲ್ಪಸ್ವಲ್ಪವಾಗಿ ಫ್ಲೋರೈಡನ್ನು ಬಿಡುವುದು ಇದರ ವಿಶೇಷ ಗುಣಗಳು. ಆದರೆ ಅಗಿಯುವ ಬಲವನ್ನು ತಾಳುವುದರಲ್ಲಿ ಇದು ಕಾಂಪೋಸಿಟ್‌ಗಿಂತ ಕಡಿಮೆ.

ಪಾದರಸದಿಂದ ಪರಿಸರಕ್ಕಾಗುವ ಕೇಡನ್ನು ಮನಗಂಡು 2013ರಲ್ಲಿ ಒಪ್ಪಿದ ಮಿನಮಾಟ ಒಡಂಬಡಿಕೆ 2017ರಲ್ಲಿ ಜಾರಿಗೆ ಬಂದಿತು. 2018ರಲ್ಲಿ ಭಾರತವೂ ಅದನ್ನು ಅನುಮೋದಿಸಿತು. ಅಮಾಲ್ಗಮ್ ಬಳಕೆಯನ್ನು ಕ್ರಮೇಣ ಇಳಿಸಬೇಕೆಂಬುದು ಅದರ ಅಂಶಗಳಲ್ಲೊಂದು. 2022ರ ತಿದ್ದುಪಡಿಯು 15 ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರ ವಿಷಯದಲ್ಲಿ ಇನ್ನಷ್ಟು ಎಚ್ಚರವನ್ನು ವಿಧಿಸಿತು. ಹಾಗೆಂದು ಬಾಯಲ್ಲಿ ಸುಸ್ಥಿತಿಯಲ್ಲಿರುವ ಹಳೆಯ ಬೆಳ್ಳಿ ಸಿಮೆಂಟನ್ನು ಹೆದರಿ ತೆಗೆಸಬೇಕಾಗಿಲ್ಲ. ತೆಗೆಯುವಾಗಲೇ ಪಾದರಸದ ಆವಿ ಹೆಚ್ಚು ಏಳುತ್ತದೆ, ಒಳ್ಳೆಯ ಹಲ್ಲೂ ಸವೆಯುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2020ರಲ್ಲಿ ನೀಡಿದ ಸಲಹೆಯೂ ಇದೇ ಆಗಿದೆ.

ಚಿಕಿತ್ಸೆಯ ಕ್ರಮ

ವೈದ್ಯರು ಮೊದಲು ಹುಳುಕಿದ ಮೃದು ಭಾಗವನ್ನು ತೆಗೆಯುತ್ತಾರೆ. ಕುಳಿ ಆಳವಾಗಿದ್ದರೆ ಚುಚ್ಚುಮದ್ದಿನಿಂದ ಮರಗಟ್ಟಿಸುವುದುಂಟು. ಅನಂತರ ಹಲ್ಲಿನ ಸುತ್ತ ಹತ್ತಿ ಇಲ್ಲವೇ ರಬ್ಬರ್ ಹಾಳೆ ಇಟ್ಟು ಜೊಲ್ಲನ್ನು ತಡೆಯುತ್ತಾರೆ. ಇದು ಬಹು ಮುಖ್ಯವಾದ ಹಂತ. ಜೊಲ್ಲು, ರಕ್ತದ ಪಸೆ ತಾಗಿದರೆ ಕಾಂಪೋಸಿಟ್ ಸರಿಯಾಗಿ ಹಿಡಿಯದು. ಬಳಿಕ ಆಮ್ಲವನ್ನು ಕೆಲವೇ ಸೆಕೆಂಡುಗಳ ಕಾಲ ಸವರಿ, ತೊಳೆದು, ಅಂಟುದ್ರವ ಲೇಪಿಸಿ, ಹಲ್ಲಿಗೆ ಹೊಂದುವ ಛಾಯೆಯ ವಸ್ತುವನ್ನು ಸುಮಾರು 2 ಮಿಲಿಮೀಟರ್ ದಪ್ಪದ ಪದರಗಳಾಗಿ ತುಂಬುತ್ತಾರೆ. ಪ್ರತಿ ಪದರಕ್ಕೂ ನೀಲಿ ಬೆಳಕು ಹಾಯಿಸಿ ಗಟ್ಟಿಗೊಳಿಸುತ್ತಾರೆ. ಗಟ್ಟಿಯಾಗುವಾಗ ವಸ್ತುವು ಕೊಂಚ ಕುಗ್ಗುವುದರಿಂದಲೂ, ಬೆಳಕು ಬಹು ಆಳಕ್ಕೆ ಇಳಿಯದ್ದರಿಂದಲೂ ಪದರಗಳ ಕ್ರಮ ಅಗತ್ಯ. ಕೊನೆಗೆ ಕಚ್ಚುವಿಕೆಯನ್ನು ಪರೀಕ್ಷಿಸಿ ನಯಗೊಳಿಸುತ್ತಾರೆ. ಆ ನೀಲಿ ಬೆಳಕನ್ನು ದಿಟ್ಟಿಸಿ ನೋಡಬಾರದು.

ಈ ಕೆಲಸಕ್ಕೆ ಬೆಳ್ಳಿ ಸಿಮೆಂಟಿಗಿಂತ ಹೆಚ್ಚು ಸಮಯ, ಹೆಚ್ಚು ತಾಳ್ಮೆ, ಹೆಚ್ಚು ಹಣ ಬೇಕು. ಲಾಭವೆಂದರೆ, ಹುಳುಕಿದಷ್ಟನ್ನೇ ತೆಗೆದು ಉಳಿದುದನ್ನು ಉಳಿಸಿಕೊಳ್ಳಬಹುದು. ಬಣ್ಣ ಹೊಂದುವುದು ಸಂತೋಷದ ವಿಷಯವೇ. ಹಲ್ಲು ಉಳಿಯುವುದು ಅದಕ್ಕಿಂತ ದೊಡ್ಡದು.

ಮರಗಟ್ಟಿದ ಬಾಯಿಯ ಮಗುವಿಗೆ ಸ್ಪರ್ಶಜ್ಞಾನ ಬರುವವರೆಗೂ ತಿನ್ನಲು ಕೊಡಬಾರದು. ಅರಿವಿಲ್ಲದೆ ತುಟಿ, ಕೆನ್ನೆಗಳನ್ನು ಕಚ್ಚಿ ಗಾಯ ಮಾಡಿಕೊಳ್ಳುವ ಮಕ್ಕಳುಂಟು. ಕೆಲವು ದಿನ ತಣ್ಣನೆಯ ನೀರಿಗೆ ಜುಮ್ಮೆನ್ನುವುದು ಸಹಜ. ಕಚ್ಚಿದಾಗ ಎತ್ತರವೆನಿಸಿದರೆ, ರಾತ್ರಿ ತಾನಾಗಿ ನೋವೆದ್ದರೆ, ಬಾವು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಮರಳಬೇಕು.

ಬೀಳುವ ಹಲ್ಲಿಗೆ ಖರ್ಚೇಕೆ?

ತಾಯಿತಂದೆಗಳು ಕೇಳುವ ಪ್ರಶ್ನೆ ಇದು. ಇಪ್ಪತ್ತು ಹಾಲು ಹಲ್ಲುಗಳಲ್ಲಿ ಹಿಂಬದಿಯ ದವಡೆ ಹಲ್ಲುಗಳು ಹತ್ತು ಹನ್ನೆರಡು ವರ್ಷದವರೆಗೂ ಬಾಯಲ್ಲಿರಬೇಕಾದಂಥವು. ನಾಲ್ಕು ವರ್ಷದ ಮಗುವಿನ ಹುಳುಕನ್ನು ಬಿಟ್ಟರೆ ಆರೇಳು ವರ್ಷ ಆ ಮಗು ನೋವಿನೊಡನೆ ಬಾಳಬೇಕಾದೀತು. ಹಾಲು ಹಲ್ಲಿನ ಎನಾಮಲ್ ತೆಳುವಾದ್ದರಿಂದ ಹುಳುಕು ಬೇಗನೆ ತಿರುಳನ್ನು ತಲಪುತ್ತದೆ. ನೋವಿರುವ ಮಗು ಸರಿಯಾಗಿ ಉಣ್ಣದು, ನಿದ್ರಿಸದು, ಪಾಠದಲ್ಲಿ ಮನಸ್ಸಿಡದು. ಅವಧಿಗೆ ಮುನ್ನ ಹಲ್ಲು ಕೀಳಿಸಿದರೆ ಅಕ್ಕಪಕ್ಕದ ಹಲ್ಲುಗಳು ವಾಲಿ, ಕೆಳಗಿನಿಂದ ಬರುವ ಶಾಶ್ವತ ಹಲ್ಲಿನ ದಾರಿಯನ್ನು ಕಟ್ಟಿಹಾಕುತ್ತವೆ.

ಚಿಕ್ಕ ಕುಳಿಗಳಿಗೆ, ಬಾಯಿ ತೆರೆದು ಬಹಳ ಹೊತ್ತು ಕೂಡಲೊಲ್ಲದ ಮಕ್ಕಳಿಗೆ ಗ್ಲಾಸ್ ಅಯೋನೊಮರ್ ಅನುಕೂಲ. ಯಂತ್ರವಿಲ್ಲದೆ ಕೈ ಉಪಕರಣದಿಂದಲೇ ಹುಳುಕನ್ನು ಕೆರೆದು ಈ ಸಿಮೆಂಟನ್ನು ತುಂಬುವ ಕ್ರಮವು 1980ರ ದಶಕದಲ್ಲಿ ಆಫ್ರಿಕದ ಟಾಂಜಾನಿಯಾದಲ್ಲಿ ಆರಂಭವಾಯಿತು. ವಿದ್ಯುತ್ತಿಲ್ಲದ ಹಳ್ಳಿಗಳಲ್ಲೂ ಸಾಧ್ಯವಾಗುವ ಈ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಎತ್ತಿಹಿಡಿಯಿತು. ಕುಳಿ ಎರಡು ದವಡೆ ಹಲ್ಲುಗಳ ನಡುವೆ ದೊಡ್ಡದಾಗಿ ಹಬ್ಬಿದ್ದರೆ ಮಾತ್ರ ಬಿಳಿ ತುಂಬುವಿಕೆಗಿಂತ ಉಕ್ಕಿನ ಟೋಪಿಯೇ ಹೆಚ್ಚು ಬಾಳುತ್ತದೆ. ವೈದ್ಯರು ಅದನ್ನು ಸೂಚಿಸಿದರೆ ಬಣ್ಣದ ಹಟ ಹಿಡಿಯುವುದು ತರವಲ್ಲ.

ಇನ್ನು ತಾಯಂದಿರು ವಿಶೇಷವಾಗಿ ಗಮನಿಸಬೇಕಾದ ಹಲ್ಲೊಂದಿದೆ. ಆರನೆಯ ವರ್ಷದ ಹೊತ್ತಿಗೆ ಹಾಲು ಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆಯೇ, ಮೊದಲ ಶಾಶ್ವತ ದವಡೆ ಹಲ್ಲು ಮೂಡುತ್ತದೆ. ಹಲ್ಲು ಬಿದ್ದ ಜಾಗದಲ್ಲಿ ಬಾರದ ಕಾರಣ ಇದನ್ನೂ ಹಾಲು ಹಲ್ಲೆಂದೇ ತಿಳಿದು ಅಲಕ್ಷಿಸುವವರು ಬಹಳ. ಇದು ಹೋದರೆ ಮತ್ತೊಂದು ಬಾರದು. ಮೊಮ್ಮಕ್ಕಳನ್ನು ಎತ್ತಿ ಆಡಿಸುವ ಕಾಲದವರೆಗೂ ರೊಟ್ಟಿ ಅಗಿಯಬೇಕಾದ ಹಲ್ಲು ಇದೇ. ಇದರ ಮೇಲ್ಮೈಯ ಆಳವಾದ ಗೆರೆಗಳಲ್ಲಿ ಆಹಾರ ಸಿಕ್ಕಿಕೊಳ್ಳುವುದು ಸುಲಭ. ಹುಳುಕು ಹಿಡಿಯುವ ಮುನ್ನವೇ ಆ ಗೆರೆಗಳನ್ನು ತೆಳುವಾದ ರಾಳದಿಂದ ಮುಚ್ಚುವ ವಿಧಾನವಿದೆ. ಕೊರೆಯುವುದಿಲ್ಲ, ನೋವಿಲ್ಲ. ಮಗುವಿಗೆ ಆರು ತುಂಬಿದಾಗ ಒಮ್ಮೆ ಈ ಬಗ್ಗೆ ದಂತವೈದ್ಯರನ್ನು ಕಾಣುವುದು ವಿವೇಕ.

ಹಿರಿಯರ ಹಲ್ಲು

ವಯಸ್ಸಾದಂತೆ ಒಸಡು ಹಿಂದೆ ಸರಿದು ಹಲ್ಲಿನ ಬೇರಿನ ಭಾಗ ತೆರೆದುಕೊಳ್ಳುತ್ತದೆ. ಅಲ್ಲಿ ಎನಾಮಲಿನ ರಕ್ಷಣೆ ಇಲ್ಲ. ಸಕ್ಕರೆ ಕಾಯಿಲೆ, ಕೆಲವು ಔಷಧಗಳಿಂದ ಬಾಯಿ ಒಣಗುವುದು ಇವೆಲ್ಲ ಕೂಡಿ ಒಸಡಿನ ಅಂಚಿನಲ್ಲಿ ಹುಳುಕು ಹುಟ್ಟುತ್ತದೆ. ಇದ್ದಿಲು, ಇಟ್ಟಿಗೆ ಪುಡಿ, ಬೂದಿಗಳಿಂದ ಬಲವಾಗಿ ಅಡ್ಡಡ್ಡ ತಿಕ್ಕಿದವರ ಹಲ್ಲಿನ ಬುಡದಲ್ಲಿ ಕೊಡಲಿಯೇಟಿನಂತಹ ಕಚ್ಚುಗಳು ಬೀಳುತ್ತವೆ. ಇಂತಹ ಕಡೆಗಳಲ್ಲಿ ಹಲ್ಲಿನ ಬಣ್ಣದ ವಸ್ತುಗಳು ಬಹಳ ಉಪಯುಕ್ತ. ಆದರೆ ತಿಕ್ಕುವ ರೂಢಿ ಬದಲಾಗದಿದ್ದರೆ ತುಂಬಿದ್ದೂ ಸವೆದುಹೋಗುವುದು.

ನಮ್ಮ ನಾಡಿನ ಕೋಲಾರ, ತುಮಕೂರು, ಗದಗ, ಕೊಪ್ಪಳ, ರಾಯಚೂರು ಮೊದಲಾದ ಜಿಲ್ಲೆಗಳ ಹಲವು ಊರುಗಳಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ತಕ್ಕದ್ದಲ್ಲ. ಹಲ್ಲು ರೂಪುಗೊಳ್ಳುವ ಎಳವೆಯಲ್ಲಿ ಅಂತಹ ನೀರು ಕುಡಿದವರ ಹಲ್ಲಿನ ಮೇಲೆ ಕಂದು ಕಲೆಗಳು ಮೂಡುತ್ತವೆ. ಆ ಊರುಗಳ ಹೆಣ್ಣುಮಕ್ಕಳು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ಕಂಡವರು ಬಲ್ಲರು. ಅದು ಕೊಳಕಿನ ಗುರುತಲ್ಲ, ನೀರಿನ ದೋಷ. ತೆಳುವಾದ ಕಾಂಪೋಸಿಟ್ ಹೊದಿಕೆಯಿಂದ ಆ ಕಲೆಯನ್ನು ಮರೆಮಾಡಬಹುದು. ಅಂಥವರ ಪಾಲಿಗೆ ಬಿಳಿಯ ತುಂಬುವಿಕೆಯನ್ನು ಶೋಕಿಯೆನ್ನುವುದು ಅನ್ಯಾಯ. ಅದು ತಲೆಯೆತ್ತಿ ಮಾತನಾಡುವ ಧೈರ್ಯ. ಆದರೂ ಮುಂದಿನ ತಲೆಮಾರಿಗೆ ಬೇಕಾದುದು ಹೊದಿಕೆಗಿಂತ ಮೊದಲು ಶುದ್ಧ ನೀರು ಎಂಬುದನ್ನು ಮರೆಯಲಾಗದು.

ಖರ್ಚು ಮತ್ತು ಕಾಪಾಡುವಿಕೆ

ಹಣದ ಚಿಂತೆಯಿಂದ ಹಿಂಜರಿಯುವವರು ದಂತವೈದ್ಯಕೀಯ ಕಾಲೇಜುಗಳ ಹೊರರೋಗಿ ವಿಭಾಗಗಳನ್ನು ವಿಚಾರಿಸಬಹುದು. ಬೆಂಗಳೂರಿನ ಸರ್ಕಾರಿ ದಂತವೈದ್ಯಕೀಯ ಕಾಲೇಜಲ್ಲದೆ ದಾವಣಗೆರೆ, ಬೆಳಗಾವಿ, ಧಾರವಾಡ, ಮೈಸೂರುಗಳಲ್ಲೂ ಇಂತಹ ಕಾಲೇಜುಗಳಿವೆ. ಅಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಚಿಕಿತ್ಸೆ ನೀಡುತ್ತಾರೆ. ಹೊತ್ತು ಹೆಚ್ಚು ಹಿಡಿದೀತು. ವೆಚ್ಚ ಸಾಮಾನ್ಯವಾಗಿ ಖಾಸಗಿ ದವಾಖಾನೆಗಿಂತ ಕಡಿಮೆ.

ತುಂಬಿಸಿದ ಹಲ್ಲು ಹೊಸ ಹಲ್ಲಲ್ಲ, ದುರಸ್ತಿಯಾದ ಹಲ್ಲು. ತುಂಬಿದ ವಸ್ತುವಿನ ಅಂಚಿನಲ್ಲಿಯೇ ಮತ್ತೆ ಹುಳುಕು ಸೇರಬಲ್ಲದು. ಚೆನ್ನಾಗಿ ನೋಡಿಕೊಂಡರೆ ಕಾಂಪೋಸಿಟ್ ಹತ್ತು ವರ್ಷ, ಅದಕ್ಕೂ ಮೇಲೆ ಬಾಳುವುದು ಅಪರೂಪವಲ್ಲ. ಚಹಾ, ಎಲೆ ಅಡಿಕೆ, ತಂಬಾಕುಗಳಿಂದ ಅದರ ಬಣ್ಣ ಮಾಸುತ್ತದೆ. ಅಡಿಕೆ ಕಡಿಯುವುದು, ಹಲ್ಲಿನಿಂದ ಮುಚ್ಚಳ ತೆಗೆಯುವುದು ಮುಂತಾದ ಸಾಹಸಗಳಿಂದ ಅದು ಒಡೆಯುತ್ತದೆ.

ದಿನಕ್ಕೆರಡು ಬಾರಿ ದಂತಧಾವನ ಮಾಡಬೇಕೆಂಬುದು ಹೊಸ ಉಪದೇಶವೇನಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿಯೇ ಅದು ವಿಧಿಸಲ್ಪಟ್ಟಿದೆ. ಬೆಳಗಿನದನ್ನು ನಾವು ಉಳಿಸಿಕೊಂಡೆವು, ರಾತ್ರಿಯದನ್ನು ಬಿಟ್ಟೆವು. ನಿದ್ರೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ರಾತ್ರಿಯದೇ ಹೆಚ್ಚು ಅಗತ್ಯ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರು ವರ್ಷದವರೆಗೆ ಬಟಾಣಿಯಷ್ಟು ಫ್ಲೋರೈಡ್ ಪೇಸ್ಟು ಸಾಕು. ಉಜ್ಜುವ ಕೆಲಸ ಹಿರಿಯರದೇ ಆಗಿರಲಿ, ಮಗು ಅದನ್ನು ನುಂಗದೆ ಉಗುಳಲು ಕಲಿಯಲಿ. ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟು ಮಲಗಿಸುವ ರೂಢಿ ನಿಲ್ಲಲಿ. ಅಜ್ಜ ಅಜ್ಜಿಯರ ಅಕ್ಕರೆ ಪೆಪ್ಪರಮೆಂಟಿನ ಬದಲು ಒಂದು ಹಣ್ಣಿನ ರೂಪದಲ್ಲಿ ಮೊಮ್ಮಗುವಿನ ಕೈ ಸೇರಲಿ.

ಯಾವ ವಸ್ತುವನ್ನು ತುಂಬಬೇಕೆಂಬುದನ್ನು ವೈದ್ಯರು ನಿರ್ಧರಿಸುತ್ತಾರೆ. ಯಾವಾಗ ಅವರ ಬಳಿಗೆ ಹೋಗಬೇಕೆಂಬುದನ್ನು ನಿರ್ಧರಿಸುವವರು ನಾವು. ಈ ತಿಂಗಳು ಒಂದು ದಿನ ಮನೆಯ ಮಕ್ಕಳನ್ನು ಬೆಳಕಿಗೆ ಕೂಡಿಸಿಕೊಂಡು ಬಾಯಿ ತೆರೆಸಿ ನೋಡಿರಿ. ಕಪ್ಪು ಚುಕ್ಕೆಯೋ ಬಿಳಿ ಮಚ್ಚೆಯೋ ಕಂಡರೆ ನೋವಿಗಾಗಿ ಕಾಯದಿರಿ. ಸಣ್ಣದಿದ್ದಾಗಲೇ ತುಂಬಿಸಿದ ಕುಳಿ ಮಗುವಿನ ನಿದ್ರೆಯನ್ನೂ ಮನೆಯ ಹಣವನ್ನೂ ಉಳಿಸುತ್ತದೆ.