ಗಾಮಾ ಕಿರಣಗಳೂ ಅನುಮಾನಪ್ರಮಾಣವೂ

ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯುಂಟೆಂದು ತಿಳಿಯುವುದು ಅನುಮಾನಪ್ರಮಾಣಕ್ಕೆ ನಮ್ಮ ತಾರ್ಕಿಕರು ಕೊಡುವ ಹಳೆಯ ನಿದರ್ಶನ. ಖಗೋಳವಿಜ್ಞಾನದ ಒಂದು ಶಾಖೆಯೇ ಈ ನ್ಯಾಯವನ್ನು ಆಶ್ರಯಿಸಿ ನಿಂತಿರುವುದೆಂಬುದನ್ನು ವಾಚಕರಲ್ಲಿ ಅನೇಕರು ಅರಿತಿರಲಾರರು.

ಸಿಡಿದ ನಕ್ಷತ್ರಗಳ ಅವಶೇಷ, ಕಪ್ಪುಕುಳಿಗಳ ಆಸುಪಾಸು ಮೊದಲಾದ ಉಗ್ರಸ್ಥಾನಗಳಿಂದ ಹೊರಟ ಗಾಮಾ ಕಿರಣಗಳು ಭೂಮಿಯನ್ನು ಮುಟ್ಟುವುದೇ ಇಲ್ಲ. ವಾಯುಮಂಡಲವು ಅವನ್ನು ನಡುದಾರಿಯಲ್ಲಿಯೇ ನುಂಗಿಬಿಡುವುದು. ಆದರೆ ನುಂಗಿದುದಕ್ಕೆ ಗುರುತು ಉಳಿಯುವುದು. ಕಿರಣವು ಗಾಳಿಗೆ ತಗುಲಿದೊಡನೆ ಎಲೆಕ್ಟ್ರಾನು ಮುಂತಾದ ಕಣಗಳ ಮಳೆಯೇ ಹುಟ್ಟಿ, ಆ ಕಣಗಳು ಗಾಳಿಯಲ್ಲಿ ಬೆಳಕು ಸಾಗುವುದಕ್ಕಿಂತಲೂ ವೇಗವಾಗಿ ಧಾವಿಸುವುವು. (ಶೂನ್ಯದಲ್ಲಿ ಬೆಳಕನ್ನು ಮೀರುವ ವಸ್ತುವಿಲ್ಲ, ಗಾಳಿಯಲ್ಲಿಯಾದರೋ ಅದರ ನಡಿಗೆ ಕೊಂಚ ನಿಧಾನ.) ಆಗ ಮಸುಕಾದ ನೀಲಿ ಬೆಳಕೊಂದು ಹೊಮ್ಮುವುದು. ಇಂಥ ಬೆಳಕನ್ನು ದ್ರವಪದಾರ್ಥಗಳಲ್ಲಿ ಕಂಡು 1934ರಲ್ಲಿ ಪ್ರಕಟಿಸಿದವನು ರಷ್ಯದ ಚೆರೆಂಕೋವ್. ಅದು ಬಾಳುವುದು ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವೇ ಪಾಲು. ನೆಲದ ಮೇಲೆ ಹರಡುವುದು ಸುಮಾರು 250 ಮೀಟರು ಅಗಲ. ಕಣ್ಣಿಗೆ ಎಟುಕದು; ದೊಡ್ಡ ಕನ್ನಡಿಗೆ ಎಟುಕುವುದು.

ಇಲ್ಲಿ ತೊಡಕೊಂದುಂಟು. ವಿಶ್ವಕಿರಣಗಳೆಂಬ ಪ್ರೋಟಾನು ಮೊದಲಾದ ಕಣಗಳೂ ಇದೇ ಬೆಳಕನ್ನು ಬೀರುವುವು. ಅವುಗಳ ಸಂಖ್ಯೆಯೋ ಸಾವಿರ ಪಟ್ಟು ಅಧಿಕ. ಮಂಜನ್ನು ಹೊಗೆಯೆಂದು ಬಗೆದಂತೆ, ಇದು ಶುದ್ಧ ಹೇತ್ವಾಭಾಸ. ಅಕ್ಕಿಪೇಟೆಯ ಗೃಹಿಣಿಯು ಮೊರದೊಳಗಿನ ಅಕ್ಕಿಯಿಂದ ಒಂದೆರಡು ಕಲ್ಲನ್ನು ಆರಿಸುವಳು. ಈ ವಿದ್ವಾಂಸರ ಮೊರದ ತುಂಬ ಕಲ್ಲೇ, ಅಕ್ಕಿ ಒಂದೇ ಕಾಳು! ಗಾಮಾ ಕಿರಣದ ಬೆಳಕಿನ ಚಿತ್ರವು ನೀಳವಾಗಿ ಒಪ್ಪವಾಗಿರುವುದು, ಇತರವುಗಳದು ಚೆದುರಿರುವುದು. ಈ ಭೇದದಿಂದಲೇ ಆರಿಸಬೇಕು. ಅಮೆರಿಕದ ವಿಪ್ಪಲ್ ವೀಕ್ಷಣಾಲಯದವರು ಹೀಗೆ ಆರಿಸಿಯೇ ಏಡಿ ನೀಹಾರಿಕೆಯ ಕಿರಣಗಳನ್ನು 1989ರಲ್ಲಿ ಸ್ಥಾಪಿಸಿದರು. 1054ರಲ್ಲಿ ಚೀನದವರು ಹಗಲಿನಲ್ಲಿಯೂ ಕಂಡ ನಕ್ಷತ್ರಸ್ಫೋಟದ ಶೇಷವೇ ಆ ನೀಹಾರಿಕೆ.

ಈ ವಿದ್ಯೆಯಲ್ಲಿ ನಮ್ಮ ಸೀಮೆಯವರ ಪಾಲೂ ಉಂಟು. ಅಕ್ಕಿಪೇಟೆಗೆ ದೂರವಲ್ಲದ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ನಂಜನಗೂಡಿನ ಬಿ. ವಿ. ಶ್ರೀಕಂಠನ್ ಅವರು 1948ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸೇರಿ, ಕೋಲಾರದ ಚಿನ್ನದ ಗಣಿಗಳ ಆಳದಲ್ಲಿ ವಿಶ್ವಕಿರಣಗಳನ್ನು ಅಳೆದರು. ಅದೇ ಸಂಸ್ಥೆಯವರು 1969ರಲ್ಲಿ ಉದಕಮಂಡಲದಲ್ಲಿ ಗಾಮಾ ಶೋಧವನ್ನು ಆರಂಭಿಸಿದರು. ಮುಂದೆ ನಮ್ಮ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯೊಡಗೂಡಿ ಲಡಾಖಿನ ಹಾನ್ಲೆಯಲ್ಲಿ ಏಳು ದೂರದರ್ಶಕಗಳ 'ಹಗಾರ್' ಸಮೂಹವನ್ನು 2008ರಲ್ಲಿ ನಡೆಯಿಸತೊಡಗಿದರು. ಅಲ್ಲಿಯೇ ಭಾಭಾ ಅಣು ಸಂಶೋಧನಾ ಕೇಂದ್ರದವರ, 21 ಮೀಟರು ಅಗಲದ ಕನ್ನಡಿಯುಳ್ಳ 'ಮೇಸ್' ದೂರದರ್ಶಕವು 2024ರ ಅಕ್ಟೋಬರಿನಲ್ಲಿ ಉದ್ಘಾಟಿತವಾಯಿತು.

ಅಷ್ಟು ದೂರ, ಸುಮಾರು 4,270 ಮೀಟರು ಎತ್ತರಕ್ಕೆ ಹೋಗುವುದೇಕೆ? ಕತ್ತಲೆಯೂ ಒಂದು ಕಾರಣ. ಇಂಥ ಯಂತ್ರಗಳಿಗೆ ಅಮಾವಾಸ್ಯೆಯ ಆಸುಪಾಸೇ ಹಬ್ಬ. ಅಕ್ಕಿಪೇಟೆಯ ದೀಪಗಳ ನಡುವೆ ಕೃತ್ತಿಕೆಯ ಆರು ತಾರೆಗಳನ್ನು ಎಣಿಸುವುದೂ ಈಗ ಕಷ್ಟ. ಹಾನ್ಲೆಯನ್ನು 2022ರಲ್ಲಿ ಕತ್ತಲೆಯ ರಕ್ಷಿತ ಪ್ರದೇಶವೆಂದು ಘೋಷಿಸಿದರು. ಅಲ್ಲಿಯ ಗೃಹಸ್ಥರು ಸಂಜೆಯಾದೊಡನೆ ಕಿಟಕಿಗಳಿಗೆ ದಟ್ಟವಾದ ತೆರೆಯನ್ನು ಎಳೆದು, ಒಳಗೆ ದೀಪವನ್ನು ಹಚ್ಚಿಕೊಳ್ಳುವರು.